ಓಡಿಸದೆ ನಿಲ್ಲಿಸಿದ ಕಾರಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಟ್ಟಬೇಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ 78 ವರ್ಷ. ಅವರ ಹೆಸರಿನಲ್ಲಿ 2013ರಲ್ಲಿ ನೋಂದಣಿಯಾದ 1197 ಸಿಸಿ ಪೆಟ್ರೋಲ್ ಕಾರು ಮತ್ತು 110 ಸಿಸಿ ಸ್ಕೂಟರ್ ಇವೆ. ಎರಡೂ ಮೈಸೂರಿನ ಮನೆಯ ಕಾಂಪೌಂಡಿನಲ್ಲಿ ಒಂದು ವರ್ಷದಿಂದ ನಿಂತಿವೆ. ಅಪ್ಪ ಗಾಡಿ ಓಡಿಸುವುದನ್ನು ಬಿಟ್ಟಿದ್ದಾರೆ, ಅವರ ಡಿಎಲ್ ಅವಧಿಯೂ ಮುಗಿದಿದೆ. ಕಾರಿನ ಇನ್ಶೂರೆನ್ಸ್ ಮುಗಿದು ಐದು ತಿಂಗಳಾಯಿತು, ಸ್ಕೂಟರಿನದು ಇನ್ನೆರಡು ತಿಂಗಳಿಗೆ ಮುಗಿಯುತ್ತದೆ. ಓಡದ ಗಾಡಿಗೆ ದುಡ್ಡು ಯಾಕೆ ಎನ್ನುತ್ತಾರೆ ಅಪ್ಪ. ಇಂಗ್ಲೆಂಡಿನಲ್ಲಿರುವ ತಂಗಿ, ಅಲ್ಲಿ ನಿಂತ ಗಾಡಿಗೂ ಕಟ್ಟಬೇಕು, ಇಲ್ಲವೆಂದರೆ ಸರ್ಕಾರಕ್ಕೆ ಬರೆದುಕೊಡಬೇಕು ಎನ್ನುತ್ತಾಳೆ. ನಮ್ಮಲ್ಲೂ ಆರ್‌ಟಿಓಗೆ ಬರೆದುಕೊಟ್ಟರೆ ಸಾಕೇ? ಮುಂದಿನ ವಾರ ಮೆಕ್ಯಾನಿಕ್ ಕರೆಸಿ ಕಾರು ಸ್ಟಾರ್ಟ್ ಮಾಡಿಸಬೇಕೆಂದಿದ್ದೇವೆ.

ಉತ್ತರ: ಮೊದಲು ತುರ್ತಿನ ಮಾತು. ಮೆಕ್ಯಾನಿಕ್ ಬರುವ ಮೊದಲೇ ಕಾರಿಗೆ ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟ ಭರಿಸುವ ವಿಮೆ ಮಾಡಿಸಿ, ಅದು ಜಾರಿಗೆ ಬಂದ ಮೇಲೆ ಕೀ ಕೊಡಿ. ವರ್ಷ ನಿಂತ ಕಾರನ್ನು ಸ್ಟಾರ್ಟ್ ಮಾಡಿದ ಯಾವ ಮೆಕ್ಯಾನಿಕ್ಕೂ ಅಲ್ಲಿಗೇ ಬಿಡುವುದಿಲ್ಲ. ಬ್ರೇಕ್ ಹಿಡಿದಿದೆಯೇ, ಕ್ಲಚ್ ಸರಿಯಿದೆಯೇ ನೋಡಲು ರಸ್ತೆಗೆ ಒಯ್ದು ಒಂದು ಸುತ್ತು ಹಾಕಿಯೇ ಹಾಕುತ್ತಾರೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿದಿರುತ್ತದೆ, ಟೈರಿನ ಗಾಳಿ ಇಳಿದಿರುತ್ತದೆ. ಇಡೀ ವರ್ಷದಲ್ಲಿ ಅಪಘಾತದ ಸಂಭವ ಅತಿ ಹೆಚ್ಚಿರುವುದು ಆ ಮೊದಲ ಒಂದೆರಡು ಕಿಲೋಮೀಟರಿನಲ್ಲೇ. ಗಾಡಿ ಮೆಕ್ಯಾನಿಕ್ ಕೈಯಲ್ಲಿತ್ತು, ನಮಗೇನು ಸಂಬಂಧ ಎನ್ನಲು ಬರುವುದಿಲ್ಲ. ರಿಪೇರಿಗೆ ಕೊಟ್ಟ ಕಾರು ಅಪಘಾತ ಮಾಡಿದ ಗೋವಾದ ಪ್ರಕರಣವೊಂದರಲ್ಲಿ, ಮಾಲೀಕರು ಮಾಡಿಸಿದ್ದ ಪಾಲಿಸಿಯ ಕಂಪನಿಯೇ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿದೆ. ರಿಪೇರಿಗೆಂದು ಗಾಡಿ ಒಪ್ಪಿಸುವುದೂ ಬೇರೆಯವರಿಗೆ ಅದನ್ನು ಬಳಸಲು ಬಿಟ್ಟಂತೆಯೇ ಎಂಬುದು ಅದರ ತರ್ಕ. ಪಾಲಿಸಿಯೇ ಇಲ್ಲದಿದ್ದರೆ ಆ ಹೊಣೆ ಮಾಲೀಕರ ಮೇಲೆ ಬರುತ್ತದೆ.

ಈಗ ಕಾನೂನಿಗೆ ಬರೋಣ. ತಂಗಿ ಹೇಳಿದ್ದು ಅಲ್ಲಿನ ಮಟ್ಟಿಗೆ ಸರಿ. ಬ್ರಿಟನ್ನಿನಲ್ಲಿ 2011ರಿಂದ ವಿಮೆಯನ್ನು ನೋಂದಣಿಗೇ ಕಟ್ಟಿಹಾಕಿದ್ದಾರೆ. ನೋಂದಣಿಯಾದ ಗಾಡಿ ಗ್ಯಾರೇಜಿನಲ್ಲೇ ಇದ್ದರೂ ವಿಮೆ ಇರಬೇಕು, ಇಲ್ಲವೇ ರಸ್ತೆಗೆ ತರುವುದಿಲ್ಲವೆಂದು ಸಾರ್ನ್ ಎಂಬ ಘೋಷಣೆಯನ್ನು ಅಲ್ಲಿನ ನೋಂದಣಿ ಇಲಾಖೆಗೆ ಕೊಡಬೇಕು. ಎರಡೂ ಇಲ್ಲದಿದ್ದರೆ ಗಾಡಿ ಅಲ್ಲಾಡದಿದ್ದರೂ 100 ಪೌಂಡ್ ದಂಡದ ಚೀಟಿ ಬರುತ್ತದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 146 ಹಾಗಿಲ್ಲ. ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ಬಳಸುವವರು, ಇನ್ನೊಬ್ಬರಿಗೆ ಬಳಸಲು ಬಿಡುವವರು ಥರ್ಡ್ ಪಾರ್ಟಿ ವಿಮೆ ಮಾಡಿಸಿರಲೇಬೇಕು ಎನ್ನುತ್ತದೆ ಅದು. ದಂಡದ ಸೆಕ್ಷನ್ 196 ಇನ್ನೂ ಕಿರಿದು, ಅದರಲ್ಲಿರುವುದು ಓಡಿಸುವ ಅಥವಾ ಓಡಿಸಲು ಬಿಡುವ ಮಾತು. ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಜೈಲು ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000.

ಆದ್ದರಿಂದ ಗೇಟು ಹಾಕಿದ ಸ್ವಂತ ಕಾಂಪೌಂಡಿನೊಳಗೆ ನಿಂತ ಕಾರಿಗೆ ವಿಮೆ ಇಲ್ಲವೆಂಬ ಒಂದೇ ಕಾರಣಕ್ಕೆ ನಿಮ್ಮ ತಂದೆಯವರ ಮೇಲೆ ಕೇಸು ಹಾಕಲಾಗದು. ಅವರ ವಾದಕ್ಕೆ ಅಷ್ಟರ ಮಟ್ಟಿಗೆ ಬಲವಿದೆ. ಹಾಗಿದ್ದೂ ಕಟ್ಟಿ ಎನ್ನುತ್ತೇನೆ. ದಂಡ ಇಲ್ಲಿ ಸಣ್ಣ ವಿಷಯ, ಪರಿಹಾರದ ಹೊಣೆ ದೊಡ್ಡದು. ಆ ಹೊಣೆ ಗಾಡಿ ಓಡಿದ ಕಿಲೋಮೀಟರನ್ನು ನೋಡುವುದಿಲ್ಲ, ಆರ್‌ಸಿಯಲ್ಲಿರುವ ಹೆಸರನ್ನು ನೋಡುತ್ತದೆ.

‘ಬಳಸುವುದು’, ‘ಸಾರ್ವಜನಿಕ ಸ್ಥಳ’ ಈ ಎರಡು ಮಾತುಗಳನ್ನು ಕೋರ್ಟುಗಳು ನಾವು ಅಂದುಕೊಂಡದ್ದಕ್ಕಿಂತ ಅಗಲವಾಗಿ ಓದಿವೆ. 1987ರ ಅಕ್ಟೋಬರ್ 29ರ ನಸುಕಿನಲ್ಲಿ, ಪುಣೆ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ ಪೆಟ್ರೋಲ್ ಟ್ಯಾಂಕರ್ ರಾಷ್ಟ್ರೀಯ ಹೆದ್ದಾರಿ 4ರಲ್ಲಿ ಸತಾರಾ ಜಿಲ್ಲೆಯ ಬಳಿ ಲಾರಿಗೆ ತಾಗಿ ರಸ್ತೆಯ ಪಕ್ಕಕ್ಕೆ ಉರುಳಿತು. ನಾಲ್ಕು ಗಂಟೆಗೂ ಹೆಚ್ಚು ಕಾಲ ಅದು ಹಾಗೇ ಬಿದ್ದಿತ್ತು. ಸೋರಿದ ಪೆಟ್ರೋಲಿಗೆ ಬೆಳಿಗ್ಗೆ ಬೆಂಕಿ ಹತ್ತಿ ಸ್ಫೋಟಿಸಿತು, ಸುತ್ತ ಸೇರಿದ್ದ ಜನ ಸತ್ತರು. ಬಿದ್ದ ಟ್ಯಾಂಕರ್ ‘ಬಳಕೆ’ಯಲ್ಲಿರಲಿಲ್ಲ ಎಂಬ ವಾದವನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಿಂತ, ಕೆಟ್ಟ, ಅಲುಗಾಡಲಾರದ ವಾಹನವೂ ಬಳಕೆಯಲ್ಲಿರುವ ವಾಹನವೇ ಆಗಬಹುದು ಎಂದಿತು. ಸಾರ್ವಜನಿಕ ಸ್ಥಳದ ವಿಚಾರವೂ ಹಾಗೆಯೇ. ಖಾಸಗಿ ಜಾಗವಾದರೂ ಜನ ಅನುಮತಿ ಪಡೆದು ಬಂದುಹೋಗುವಂತಿದ್ದರೆ ಅದೂ ಸಾರ್ವಜನಿಕ ಸ್ಥಳ ಎಂದ ಹೈಕೋರ್ಟ್ ತೀರ್ಪುಗಳಿವೆ. ಹಾಲಿನವರು, ಪೇಪರಿನವರು, ಕೊರಿಯರಿನವರು ದಿನವೂ ಓಡಾಡುವ ಅಪಾರ್ಟ್‌ಮೆಂಟಿನ ಪಾರ್ಕಿಂಗನ್ನು ನಾನಂತೂ ಖಾಸಗಿ ಎಂದು ನಂಬಿ ಕೂರುವುದಿಲ್ಲ. ಮನೆ ಮುಂದಿನ ರಸ್ತೆಯಲ್ಲಿ ಕವರ್ ಹೊದಿಸಿ ನಿಲ್ಲಿಸಿದ ಕಾರಂತೂ ಸಂಶಯವೇ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿದೆ. ಬೆಂಗಳೂರಿನಲ್ಲಿ ಇಂಥವು ಒಂದೊಂದು ಬೀದಿಗೂ ಸಿಗುತ್ತವೆ, ಎಷ್ಟೋ ಮಾಲೀಕರು ಅವುಗಳಿಗೆ ವಿಮೆ ಬೇಡವೆಂದೇ ತಿಳಿದಿದ್ದಾರೆ.

ಇನ್ನೊಂದು ಪ್ರಕರಣ ಪೋರ್ಚುಗಲ್‌ನದು, ನಿಮ್ಮ ಮನೆಯ ಸ್ಥಿತಿಗೆ ಬಹಳ ಹತ್ತಿರ. ಅನಾರೋಗ್ಯದಿಂದ ಗಾಡಿ ಓಡಿಸುವುದನ್ನು ಬಿಟ್ಟ ಮಹಿಳೆಯೊಬ್ಬರು ಕಾರನ್ನು ಮನೆಯಂಗಳದಲ್ಲಿ ನಿಲ್ಲಿಸಿದ್ದರು. ನೋಂದಣಿ ರದ್ದು ಮಾಡಿಸಿರಲಿಲ್ಲ, ವಿಮೆಯೂ ಇರಲಿಲ್ಲ. 2006ರ ನವೆಂಬರಿನಲ್ಲಿ ಮಗ ಅವರಿಗೆ ತಿಳಿಯದಂತೆ ಕಾರು ಒಯ್ದ. ಅದು ರಸ್ತೆ ಬಿಟ್ಟು ಹೋಗಿ ಅವನೂ ಜೊತೆಗಿದ್ದ ಇಬ್ಬರೂ ತೀರಿಕೊಂಡರು. ಸತ್ತವರ ಮನೆಯವರಿಗೆ ಪರಿಹಾರ ಕೊಟ್ಟ ಅಲ್ಲಿನ ಸರ್ಕಾರಿ ನಿಧಿ, ಸುಮಾರು 4.37 ಲಕ್ಷ ಯೂರೋ ವಾಪಸು ಕೊಡಿ ಎಂದು ಆ ತಾಯಿಯ ಮೇಲೆಯೇ ದಾವೆ ಹಾಕಿತು. ನೋಂದಣಿ ಇದ್ದು, ಓಡುವ ಸ್ಥಿತಿಯಲ್ಲಿದ್ದರೆ ವಿಮೆ ಇರಲೇಬೇಕಿತ್ತು ಎಂದು ಐರೋಪ್ಯ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿತು. ಅಲ್ಲಿನ ಕಾನೂನು ನಮ್ಮನ್ನು ಕಟ್ಟುವುದಿಲ್ಲ, ಆದರೆ ಅಂಥ ದಿನ ನಮ್ಮ ಮನೆಗೂ ಬರಬಹುದು. ಕೀ ಗೋಡೆಯ ಮೊಳೆಗೆ ತೂಗುತ್ತಿದ್ದು, ಮನೆಯಲ್ಲಿ ಹದಿಹರೆಯದ ಮೊಮ್ಮಗನೋ ಅವಸರದ ಅಳಿಯನೋ ಇದ್ದರೆ ಸಾಕು. ರಾತ್ರಿ ಯಾರಿಗೋ ಎದೆನೋವು ಬಂದಾಗ ಆಂಬುಲೆನ್ಸಿಗೆ ಕಾಯದೆ ನಿಂತ ಕಾರನ್ನೇ ತೆಗೆಯುತ್ತಾರೆ, ಆ ಹೊತ್ತಿಗೆ ಪಾಲಿಸಿ ನೋಡುವವರು ಯಾರು?

ಆ ಹೊಣೆ ಎಷ್ಟು ದೊಡ್ಡದೆಂದು ಅಪ್ಪನಿಗೆ ಲೆಕ್ಕ ಹಾಕಿಯೇ ತೋರಿಸಿ. ತಿಂಗಳಿಗೆ 25,000 ದುಡಿಯುವ, 30 ವರ್ಷದ, ಸ್ವಂತ ಉದ್ಯೋಗದ ವ್ಯಕ್ತಿಯೊಬ್ಬರು ಕಾರು ಡಿಕ್ಕಿಯಾಗಿ ಸತ್ತರು ಎಂದುಕೊಳ್ಳಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಸುಪ್ರೀಂ ಕೋರ್ಟಿನ 2009 ಮತ್ತು 2017ರ ತೀರ್ಪುಗಳಂತೆ ಆದಾಯಕ್ಕೆ ಮುಂದಿನ ಏಳಿಗೆಯೆಂದು ಶೇ. 40 ಸೇರಿಸುತ್ತಾರೆ, 35,000 ಆಯಿತು. ನಾಲ್ವರು ಅವಲಂಬಿತರಿರುವುದರಿಂದ ಸತ್ತವರ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 26,250. ವರ್ಷಕ್ಕೆ 3,15,000. ಎಷ್ಟು ವರ್ಷದ ಆದಾಯ ಕೊಡಬೇಕೆಂದು ಹೇಳುವ ಗುಣಕ ಆ ವಯಸ್ಸಿಗೆ 17. ಗುಣಿಸಿದರೆ 53,55,000 ರೂಪಾಯಿ. ಅಂತ್ಯಕ್ರಿಯೆಯ ಖರ್ಚು, ಸಾಂಗತ್ಯದ ನಷ್ಟ ಇವು ಬೇರೆ. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಸೇರುತ್ತದೆ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಸಾವು ಮತ್ತು ಗಾಯದ ಪರಿಹಾರಕ್ಕೆ ಮಿತಿ ಇಲ್ಲ, ಅಪಘಾತದ ಪರಿಹಾರ ತೀರ್ಮಾನಿಸುವ ಟ್ರಿಬ್ಯುನಲ್ ಹೇಳಿದಷ್ಟನ್ನೂ ಕಂಪನಿ ಕಟ್ಟುತ್ತದೆ. ಪಾಲಿಸಿ ಇಲ್ಲದಿದ್ದರೆ ಇಷ್ಟನ್ನೂ ಮಾಲೀಕರಿಂದ, ಸೆಕ್ಷನ್ 174ರಂತೆ ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಬಹುದು. ಅಂದರೆ ಮನೆ, ನಿವೇಶನದ ಮೇಲೆ ಜಪ್ತಿ. ಗಾಡಿಯನ್ನೂ ಠಾಣೆಯಿಂದ ಸುಲಭವಾಗಿ ಬಿಡಿಸಿಕೊಳ್ಳಲಾಗದು. ವಿಮೆಯಿಲ್ಲದ ವಾಹನ ಅಪಘಾತ ಮಾಡಿದ್ದರೆ ಪರಿಹಾರಕ್ಕೆ ಸಾಕಷ್ಟು ಭದ್ರತೆ ಒದಗಿಸಬೇಕು, ಇಲ್ಲದಿದ್ದರೆ ಮೂರು ತಿಂಗಳ ನಂತರ ಹರಾಜು ಹಾಕಿ ಹಣವನ್ನು ಟ್ರಿಬ್ಯುನಲ್ಲಿಗೆ ಕಟ್ಟುತ್ತಾರೆ.

ಇದರ ಎದುರಿಗೆ ಖರ್ಚೆಷ್ಟು? ಥರ್ಡ್ ಪಾರ್ಟಿ ದರ ಕಂಪನಿಗಳು ಇಟ್ಟದ್ದಲ್ಲ, ಕೇಂದ್ರ ಸರ್ಕಾರ ನಿಗದಿ ಮಾಡಿದ್ದು. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕೂ ಮೇಲಿನದಕ್ಕೆ 7,897. ಸ್ಕೂಟರ್, ಬೈಕುಗಳಲ್ಲಿ 75 ಸಿಸಿವರೆಗೆ 538, 150ರವರೆಗೆ 714, 350ರವರೆಗೆ 1,366, ಆಮೇಲೆ 2,804. ಇದರ ಮೇಲೆ ಶೇ. 18 ಜಿಎಸ್‌ಟಿ. ಈ ಪಟ್ಟಿಯಂತೆ ನಿಮ್ಮ ಕಾರಿಗೆ ಸುಮಾರು 4,031, ಸ್ಕೂಟರಿಗೆ 843. ಕಾರಿನ ಮಟ್ಟಿಗೆ ದಿನಕ್ಕೆ 11 ರೂಪಾಯಿ. ಪಾಲಿಸಿ ತೆಗೆದುಕೊಳ್ಳುವ ದಿನ ಜಾರಿಯಲ್ಲಿರುವ ಪಟ್ಟಿಯೇ ಲೆಕ್ಕ. ಥರ್ಡ್ ಪಾರ್ಟಿ ದರದಲ್ಲಿ ರಿಯಾಯಿತಿ ಕೊಡುತ್ತೇವೆ ಎಂದು ಯಾರಾದರೂ ಫೋನು ಮಾಡಿದರೆ ನಂಬಬೇಡಿ. ಎಲ್ಲ ಕಂಪನಿಯಲ್ಲೂ ಮೂಲ ದರ ಒಂದೇ, ತೀರಾ ಅಗ್ಗವಾಗಿ ಸಿಕ್ಕ ಪಾಲಿಸಿ ನಕಲಿ ಆಗಿರುವ ಸಂಭವವೇ ಹೆಚ್ಚು.

ಆರ್‌ಟಿಓಗೆ ಬರೆದುಕೊಡುವ ವಿಚಾರ. ನಮ್ಮ ರಾಜ್ಯದಲ್ಲಿ ‘ವಾಹನ ಬಳಸುತ್ತಿಲ್ಲ’ ಎಂದು ಮುಂಚಿತವಾಗಿ ತಿಳಿಸಿ, ದಾಖಲೆ ಒಪ್ಪಿಸಿ, ಎಲ್ಲಿ ನಿಲ್ಲಿಸಿದ್ದೇವೆಂದು ಬರೆದುಕೊಡುವ ಪದ್ಧತಿ ಇರುವುದು ನಿಜ. ಆದರೆ ಅದು ತೆರಿಗೆಗೆ ಸಂಬಂಧಿಸಿದ್ದು. ಲಾರಿ, ಬಸ್ಸಿನಂತೆ ಕಾಲಕಾಲಕ್ಕೆ ತೆರಿಗೆ ಕಟ್ಟುವ ವಾಹನಗಳ ಮಾಲೀಕರಿಗೆ ಅದರಿಂದ ಉಪಯೋಗವಿದೆ. ನಿಮ್ಮದು ಸ್ವಂತ ಬಳಕೆಯ ಕಾರು, ಲೈಫ್‌ಟೈಂ ಟ್ಯಾಕ್ಸ್ ನೋಂದಣಿಯ ದಿನವೇ ಕಟ್ಟಿ ಮುಗಿದಿದೆ. ಬರೆದುಕೊಟ್ಟರೂ ಏನೂ ಉಳಿಯುವುದಿಲ್ಲ, ವಿಮೆಯ ಹೊಣೆಯೂ ತಪ್ಪುವುದಿಲ್ಲ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಆವರಣದೊಳಗಷ್ಟೇ ಓಡಿದ ವಾಹನಗಳಿಗೆ ತೆರಿಗೆ ಕೇಳುವಂತಿಲ್ಲ ಎಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ತೋರಿಸಿ ಕೆಲವರು ವಿಮೆಯೂ ಬೇಡ ಎನ್ನುತ್ತಾರೆ. ಆ ತೀರ್ಪು ಆಂಧ್ರದ ತೆರಿಗೆ ಕಾಯ್ದೆಯ ಬಗ್ಗೆ. ಅದನ್ನು ವಿಮೆಗೆ ಎಳೆದು ತರಬಾರದು.

ಯಾವ ಪಾಲಿಸಿ ತೆಗೆದುಕೊಳ್ಳಬೇಕು ಎಂಬಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಜನ ‘ಫುಲ್ ಇನ್ಶೂರೆನ್ಸ್’ ಎನ್ನುವುದರಲ್ಲಿ ಎರಡು ಭಾಗ: ಬೇರೆಯವರಿಗಾದ ನಷ್ಟಕ್ಕೆ ಥರ್ಡ್ ಪಾರ್ಟಿ, ನಮ್ಮ ಗಾಡಿಯ ನಷ್ಟಕ್ಕೆ ಓನ್ ಡ್ಯಾಮೇಜ್. ಕಾನೂನು ಕೇಳುವುದು ಮೊದಲನೆಯದನ್ನು ಮಾತ್ರ. ನಿಂತ ಕಾರಿಗೆ ಸಾಮಾನ್ಯವಾಗಿ ಬರುವ ಕೇಡುಗಳು ಬ್ಯಾಟರಿ ಸಾಯುವುದು, ನಿಂತಲ್ಲೇ ಟೈರು ಕೆಡುವುದು, ತುಕ್ಕು. ಇವನ್ನು ಓನ್ ಡ್ಯಾಮೇಜ್ ಕೂಡ ಕೊಡುವುದಿಲ್ಲ, ಸವಕಳಿ ಎಂದು ತಳ್ಳಿಹಾಕುತ್ತದೆ. ಮರ ಬೀಳುವುದು, ನೆರೆ, ಬೆಂಕಿ, ಕಳವು ಇವಕ್ಕೆ ಕೊಡುತ್ತದೆ. ಕಾರಿನ ಮೇಲೆ ಹಳೆಯ ತೆಂಗಿನ ಮರ ಬಾಗಿದೆಯೇ, ಮಳೆಗಾಲದಲ್ಲಿ ಅಂಗಳಕ್ಕೆ ನೀರು ನುಗ್ಗುತ್ತದೆಯೇ, ನೋಡಿ. ಅಂಥದ್ದಿದ್ದರೆ ಫುಲ್ ಪಾಲಿಸಿಗೆ ಅರ್ಥವಿದೆ. ಇಲ್ಲವಾದರೆ ಹತ್ತು ವರ್ಷ ದಾಟಿದ ಕಾರಿಗೆ ಐಡಿವಿ, ಅಂದರೆ ಪಾಲಿಸಿಯಲ್ಲಿ ಕಂಪನಿ ಒಪ್ಪುವ ಗಾಡಿಯ ಬೆಲೆ, ಹೇಗೂ ಇಳಿದಿರುತ್ತದೆ, ಥರ್ಡ್ ಪಾರ್ಟಿ ಮಾತ್ರ ಸಾಕು. ಎರಡರ ನಡುವೆ, ಥರ್ಡ್ ಪಾರ್ಟಿಯ ಜೊತೆ ಬೆಂಕಿ ಮತ್ತು ಕಳವಿಗಷ್ಟೇ ರಕ್ಷಣೆ ಕೊಡುವ ಪಾಲಿಸಿಯೂ ಉಂಟು. ಆನ್‌ಲೈನಿನಲ್ಲಿ ಅದು ಕಣ್ಣಿಗೆ ಬೀಳುವುದು ಕಡಿಮೆ, ಕಂಪನಿಯ ಶಾಖೆಗೆ ಹೋಗಿ ಕೇಳಿದರೆ ಒಳ್ಳೆಯದು. ಓಡಿದಷ್ಟಕ್ಕೇ ಕಟ್ಟುವ ಯೋಜನೆಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ಕಡಿಮೆಯಾಗುವುದು ಓನ್ ಡ್ಯಾಮೇಜ್ ಪ್ರೀಮಿಯಂ ಮಾತ್ರ. ಥರ್ಡ್ ಪಾರ್ಟಿ ದರ ಒಂದು ಕಿಲೋಮೀಟರೂ ಓಡದಿದ್ದರೂ ಅಷ್ಟೇ. ಕಾರಿನ ಮೇಲೆ ಬ್ಯಾಂಕ್ ಸಾಲ ಬಾಕಿ ಇದ್ದರೆ ಈ ಆಯ್ಕೆ ನಿಮ್ಮ ಕೈಯಲ್ಲಿಲ್ಲ, ಸಾಲದ ಕರಾರು ಫುಲ್ ಪಾಲಿಸಿಯನ್ನೇ ಕೇಳುತ್ತದೆ.

ಥರ್ಡ್ ಪಾರ್ಟಿ ಮಾತ್ರ ತೆಗೆದುಕೊಳ್ಳುವವರು ಒಂದು ಕೊರತೆಯನ್ನು ಮರೆಯಬಾರದು. ಸ್ವಂತ ಕಾರಿನಲ್ಲಿ ಕೂತ ಮನೆಯವರು, ಸ್ಕೂಟರಿನ ಹಿಂಬದಿ ಸವಾರರು ಈ ಪಾಲಿಸಿಯಡಿ ಥರ್ಡ್ ಪಾರ್ಟಿ ಅಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಫುಲ್ ಪಾಲಿಸಿಯಲ್ಲಿ ಅವರಿಗೆ ರಕ್ಷಣೆ ಇದೆ, ಇದರಲ್ಲಿ ಇಲ್ಲ. ಗಾಡಿ ನಿಂತೇ ಇರುವವರೆಗೆ ಇದು ಬಾಧಿಸದು. ಮುಂದೆ ಹಬ್ಬಕ್ಕೋ ಮದುವೆಗೋ ಸಂಸಾರ ಸಮೇತ ಕಾರಿನಲ್ಲಿ ಹೊರಡುವುದಾದರೆ ಮೊದಲು ಓನ್ ಡ್ಯಾಮೇಜ್ ಸೇರಿಸಿಕೊಳ್ಳಿ, ಇಲ್ಲವೇ ಪ್ರಯಾಣಿಕರ ಅಪಘಾತ ವಿಮೆಯನ್ನಾದರೂ ಸೇರಿಸಿ. ಹದಿನೈದು ದಿನಕ್ಕೊಮ್ಮೆ ಸಂಬಳದ ಡ್ರೈವರ್ ಕರೆಸಿ ಓಡಿಸುವುದಾದರೆ 50 ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟು ‘ಪೇಯ್ಡ್ ಡ್ರೈವರ್’ ರಕ್ಷಣೆ ಹಾಕಿಸಿ. ಇನ್ನೊಂದು ಕಡೆ, ಬೇರೆಯವರ ಆಸ್ತಿ ನಷ್ಟದ ಮಿತಿಯನ್ನು ಕಾರಿಗೆ 7.5 ಲಕ್ಷದಿಂದ 6,000ಕ್ಕೆ ಇಳಿಸಿದರೆ ಸ್ವಲ್ಪ ಉಳಿಯುತ್ತದೆ ಎಂಬ ಆಯ್ಕೆ ಕಾಣಬಹುದು. ಬೇಡ. ನೂರಿನ ಆಸುಪಾಸಿನ ಉಳಿತಾಯಕ್ಕೆ, ಎದುರಿನ ಕಾರಿನ ಒಂದು ಬಂಪರಿಗೂ ಸಾಲದ ರಕ್ಷಣೆ ಅದು.

ನಿಜವಾಗಿ ಉಳಿಸಬಹುದಾದದ್ದು ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆಯ ಹಣ. 15 ಲಕ್ಷದ ಈ ವಿಮೆ ಕಡ್ಡಾಯವೆಂದು ಅರ್ಜಿಯಲ್ಲಿ ತಾನಾಗಿಯೇ ಸೇರಿಕೊಂಡಿರುತ್ತದೆ. ಮಾಲೀಕರ ಬಳಿ ಚಾಲ್ತಿಯಲ್ಲಿರುವ ಡಿಎಲ್ ಇಲ್ಲದಿದ್ದರೆ ಅದು ಬೇಕಿಲ್ಲ, ಕೊಂಡರೂ ಕ್ಲೇಮು ಆಗದು. ನಿಮ್ಮ ತಂದೆಯವರ ವಿಚಾರದಲ್ಲಿ ‘ಮಾಲೀಕರಿಗೆ ಚಾಲ್ತಿ ಡಿಎಲ್ ಇಲ್ಲ’ ಎಂಬ ಕಾರಣ ಆರಿಸಿ ಅದನ್ನು ತೆಗೆಯಿರಿ.

ಕೊಳ್ಳುವ ಕ್ರಮ ಸುಲಭ. ಆರ್‌ಸಿ ಮತ್ತು ಹಳೆಯ ಪಾಲಿಸಿ ಎದುರಿಗಿಟ್ಟುಕೊಳ್ಳಿ. ಎಂಪರಿವಾಹನ್ ಆಪ್‌ನಲ್ಲಿ ಗಾಡಿಯ ನಂಬರ್ ಹಾಕಿ ಇನ್ಶೂರೆನ್ಸ್ ಯಾವಾಗ ಮುಗಿದಿದೆ, ಆರ್‌ಸಿ ಯಾವಾಗಿನವರೆಗೆ ಇದೆ ನೋಡಿ. 2018ರ ಸೆಪ್ಟೆಂಬರ್ ನಂತರ ಹೊಸ ಗಾಡಿ ಕೊಂಡ ಓದುಗರಿಗೆ ಇಲ್ಲೊಂದು ಮಾತು: ಆಗಿನಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ಸ್ಕೂಟರ್-ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಬರುತ್ತದೆ, ಓನ್ ಡ್ಯಾಮೇಜ್ ಒಂದೇ ವರ್ಷದ್ದಿರಬಹುದು. ಪಾಲಿಸಿಯಲ್ಲಿ ಎರಡು ಬೇರೆ ಬೇರೆ ಕೊನೆಯ ದಿನಾಂಕಗಳಿರುತ್ತವೆ, ಯಾವುದು ಮುಗಿದಿದೆ ಎಂದು ತಿಳಿದು ಅದನ್ನೇ ಕಟ್ಟಿ. ನಿಮ್ಮ ಗಾಡಿಗಳಿಗೆ ಆ ಗೊಂದಲವಿಲ್ಲ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೋ ಶಾಖೆಯಲ್ಲೋ ‘ಲಯಬಿಲಿಟಿ ಓನ್ಲಿ’ (ಥರ್ಡ್ ಪಾರ್ಟಿ ಮಾತ್ರ) ಎಂದು ಕೇಳಿ. ಹಳೆಯ ಪಾಲಿಸಿ ಮುಗಿದ ದಿನಾಂಕವನ್ನು ಇದ್ದಂತೆಯೇ ಬರೆಯಿರಿ. ಪಾಲಿಸಿ ಯಾರ ಹೆಸರಿನಲ್ಲಿ ಎಂದರೆ ಆರ್‌ಸಿ ಇರುವ ತಂದೆಯವರ ಹೆಸರಿನಲ್ಲಿ, ಹಣ ಕಟ್ಟುವವರ ಹೆಸರಿನಲ್ಲಲ್ಲ. ಥರ್ಡ್ ಪಾರ್ಟಿ ಮಾತ್ರವಾದರೆ ಅವಧಿ ಮೀರಿದ ಗಾಡಿಗೂ ತಪಾಸಣೆ ಇಲ್ಲ. ಓನ್ ಡ್ಯಾಮೇಜ್ ಸೇರಿಸಿದರೆ ಫೋಟೊ, ವಿಡಿಯೊ ಕೇಳುತ್ತಾರೆ ಇಲ್ಲವೇ ಸರ್ವೇಯರ್ ಬರುತ್ತಾರೆ. ಎಮಿಷನ್ ಸರ್ಟಿಫಿಕೇಟ್ ಇಲ್ಲದೆ ವಿಮೆ ನವೀಕರಿಸಬಾರದೆಂದು 2017ರಲ್ಲಿ ಹಾಕಿದ್ದ ಷರತ್ತನ್ನು ಸುಪ್ರೀಂ ಕೋರ್ಟೇ 2024ರ ಜುಲೈನಲ್ಲಿ ತೆಗೆದಿದೆ, ಹಾಗಾಗಿ ಅದು ತಡೆಯಾಗದು. ರಸ್ತೆಗೆ ಇಳಿಸುವಾಗ ಮಾತ್ರ ಎಮಿಷನ್ ಟೆಸ್ಟ್ ಮಾಡಿಸಲೇಬೇಕು.

ಪಾಲಿಸಿ ಬಂದ ಕೂಡಲೇ ಗಾಡಿ ನಂಬರ್, ಚಾಸಿ ನಂಬರ್, ಎಂಜಿನ್ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಆಮೇಲೆ ಶುರುವಾಗುವ ದಿನ ಮತ್ತು ಗಂಟೆ. ಅವಧಿ ಮೀರಿದ ಗಾಡಿಯ ಪಾಲಿಸಿ ಹಣ ಕಟ್ಟಿದ ಕ್ಷಣದಿಂದ ಜಾರಿಗೆ ಬರುವುದಿಲ್ಲ. ಹೆಚ್ಚಾಗಿ ಅಂದಿನ ಮಧ್ಯರಾತ್ರಿಯಿಂದ ಅಥವಾ ಒಂದೆರಡು ದಿನ ಬಿಟ್ಟು ಶುರುವಾಗುತ್ತದೆ. ಹಿಂದಿನ ಐದು ತಿಂಗಳಿಗೂ ಅದು ಅನ್ವಯಿಸುವುದಿಲ್ಲ. ಕೋರ್ಟುಗಳು ಇಲ್ಲಿ ನಿಮಿಷಗಳನ್ನು ಎಣಿಸುತ್ತವೆ. 1991ರ ಡಿಸೆಂಬರ್ 10ರಂದು ಮಧ್ಯಾಹ್ನ 2.20ಕ್ಕೆ ಅಪಘಾತವಾಗಿ, 2.55ಕ್ಕೆ ವಿಮೆ ಮಾಡಿಸಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 35 ನಿಮಿಷ ತಡವಾದ ಪಾಲಿಸಿಗೆ ಕಂಪನಿ ಹೊಣೆಯಲ್ಲ ಎಂದಾಯಿತು. ಮೆಕ್ಯಾನಿಕ್ಕಿಗೆ ದಿನ ಹೇಳುವಾಗ ಪಾಲಿಸಿಯಲ್ಲಿರುವ ಆ ಗಂಟೆಯನ್ನು ನೋಡಿಕೊಂಡು ಹೇಳಿ. ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಗ್ಯಾರೇಜಿಗೆ ಒಯ್ಯುವುದೂ ರಸ್ತೆಯ ಬಳಕೆಯೇ. ಓಡಿಸುವವರ ಬಳಿ ಡಿಎಲ್ ಇರಬೇಕು. ಇಲ್ಲದಿದ್ದರೆ ಕಂಪನಿ ಗಾಯಾಳುವಿಗೆ ಕೊಟ್ಟು, ಆ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ಆದೇಶವಾಗುತ್ತದೆ.

ಈಗಾಗಲೇ ಕೈತಪ್ಪಿದ್ದೂ ಒಂದಿದೆ. ಫುಲ್ ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಐದು ವರ್ಷ ಕ್ಲೇಮು ಮಾಡದೆ ಶೇ. 50ರವರೆಗೆ ಬೆಳೆಸಿದ್ದಾದರೂ ಅಷ್ಟೇ. ನಿಮ್ಮ ಕಾರಿನದು ಐದು ತಿಂಗಳಾದ್ದರಿಂದ ಅದನ್ನು ಮರೆಯಿರಿ. ಸ್ಕೂಟರಿನದು ಫುಲ್ ಪಾಲಿಸಿಯಾಗಿದ್ದರೆ ಇನ್ನೂ ಸಮಯವಿದೆ. ಈ ಬೋನಸ್ ಗಾಡಿಗಲ್ಲ, ಮಾಲೀಕರಿಗೆ ಸೇರಿದ್ದು. ಗಾಡಿ ಮಾರಿದವರು ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ಅದೇ ಬಗೆಯ ಬೇರೆ ಗಾಡಿಗೆ ಬಳಸಬಹುದು.

ವಿಮೆಯಿಂದ ನಿಜವಾಗಿ ಬಿಡುಗಡೆ ಬೇಕಾದರೆ ಆರ್‌ಸಿಯಿಂದಲೇ ಹೆಸರು ತೆಗೆಸಬೇಕು. ಮಾರುವುದಾದರೆ ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ. ಹೆಸರು ಬದಲಾದದ್ದನ್ನು ಎಂಪರಿವಾಹನ್‌ನಲ್ಲಿ ಕಣ್ಣಾರೆ ನೋಡುವವರೆಗೆ ಹಿಂದೆ ಬೀಳಿ. ಗಾಡಿ ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿದ್ದರೂ, ಆರ್‌ಸಿಯಲ್ಲಿ ಹೆಸರಿರುವವರೇ ಕಾನೂನಿನ ಕಣ್ಣಿಗೆ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದೆ. ಹಳೆಯ ಗಾಡಿ ಕೊಳ್ಳುವ ಡೀಲರ್‌ಗೆ ಕೊಡುವುದಾದರೆ, ಆರ್‌ಟಿಓದಿಂದ ಅಧಿಕಾರಪತ್ರ ಪಡೆದ ಡೀಲರ್ ಆಗಿರಲಿ. ಫಾರಂ 29ಸಿ ಸಲ್ಲಿಸಿ ಗಾಡಿ ಒಪ್ಪಿಸಿದ ಮೇಲೆ ಹೊಣೆ ಅವರದಾಗುತ್ತದೆ. ಈ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಹೆಸರು ವರ್ಗಾವಣೆಗೆ, 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣಕ್ಕೆ ಆರ್‌ಟಿಓದಲ್ಲಿ ಚಾಲ್ತಿಯಲ್ಲಿರುವ ಇನ್ಶೂರೆನ್ಸ್ ಕೇಳುತ್ತಾರೆ. ನಿಮ್ಮ ಕಾರಿಗೆ 2028ರಲ್ಲಿ 15 ತುಂಬುತ್ತದೆ. ಆ ಕೆಲಸ ತಡವಾದರೆ ತಿಂಗಳ ಲೆಕ್ಕದಲ್ಲಿ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಗುಜರಿಗೆ ಹಾಕುವವರಿಗೂ ಇದೇ ಎಚ್ಚರ. ಬೀದಿಯ ಗುಜರಿ ಅಂಗಡಿಗೆ ಕೊಟ್ಟು ನಾಲ್ಕು ಕಾಸು ಎಣಿಸಿಕೊಂಡು ಬಂದರೆ ಆರ್‌ಸಿ ಜೀವಂತವಾಗಿಯೇ ಇರುತ್ತದೆ. ಆ ಕಾರನ್ನು ಯಾರೋ ಸರಿಮಾಡಿ ಓಡಿಸಿದರೆ ನೋಟಿಸು ಬರುವುದು ತಂದೆಯವರ ಹೆಸರಿಗೆ. ಸರ್ಕಾರದಲ್ಲಿ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡಿ, ಗಾಡಿ ಒಪ್ಪಿಸಿದ್ದಕ್ಕೆ ಅವರು ಕೊಡುವ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಪಡೆಯಿರಿ, ಆರ್‌ಸಿ ರದ್ದಾದ ದಾಖಲೆಯನ್ನು ತೆಗೆದಿಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಅದನ್ನು ಮೊದಲು ತೆಗೆಸಬೇಕಾಗುತ್ತದೆ. ಪಾಲಿಸಿಯಲ್ಲಿ ಇನ್ನೂ ತಿಂಗಳುಗಳು ಉಳಿದಿದ್ದರೆ ರದ್ದಾದ ಆರ್‌ಸಿ ತೋರಿಸಿ ಉಳಿದ ಅವಧಿಯ ಹಣ ಕೇಳಬಹುದು.

ಮಾಲೀಕರು ತೀರಿಕೊಂಡು ಗಾಡಿ ಹಾಗೇ ನಿಂತಿರುವ ಮನೆಗಳಿಗೂ ಒಂದು ಮಾತು. ಪಾಲಿಸಿ ಅಂದಿನಿಂದ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ನಡೆಯುತ್ತದೆ. ಆರ್‌ಟಿಓಗೆ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಂಡು ಪಾಲಿಸಿಯನ್ನೂ ಆ ಹೆಸರಿಗೆ ಬದಲಿಸಬೇಕು.

ನಿಮ್ಮ ಮನೆಯಲ್ಲಿ ಈ ವಾರ ಆಗಬೇಕಾದದ್ದು ಕಾರಿಗೆ ಲಯಬಿಲಿಟಿ ಪಾಲಿಸಿ. ಸ್ಕೂಟರಿನ ಹಳೆಯ ಪಾಲಿಸಿ ಮುಗಿಯುವ ದಿನಕ್ಕೆ ಹೊಸದು ಶುರುವಾಗುವಂತೆ ಮುಂಚೆಯೇ ಕಟ್ಟಿ. ಕೆಲವು ಕಂಪನಿಗಳು ಸ್ಕೂಟರಿಗೆ ಎರಡು-ಮೂರು ವರ್ಷದ್ದನ್ನು ಒಟ್ಟಿಗೇ ಕೊಡುತ್ತವೆ, ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಪ್ರತಿವರ್ಷ ನೆನಪಿಡುವ ಕೆಲಸ ತಪ್ಪುತ್ತದೆ. ಕಾರನ್ನು ಇನ್ನೊಂದು ವರ್ಷವೂ ಯಾರೂ ಓಡಿಸುವುದಿಲ್ಲ ಎಂದು ಖಾತ್ರಿಯಿದ್ದರೆ, ಈ ಪಾಲಿಸಿ ಚಾಲ್ತಿಯಲ್ಲಿರುವಾಗಲೇ ಮಾರಿಬಿಡಿ. ಥರ್ಡ್ ಪಾರ್ಟಿ ಭಾಗ ಕೊಂಡವರಿಗೆ ತಾನಾಗಿಯೇ ವರ್ಗವಾಗುತ್ತದೆ, ಅವರು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಅಲ್ಲಿಯವರೆಗೆ ಕೀ ಮೊಳೆಯ ಮೇಲೆ ಬೇಡ, ಬೀರುವಿನಲ್ಲಿರಲಿ.